ಕಾಡಿಗೆ ಡಬ್ಬಿಯೂ ಫೈರ್ ಅಲಾರ್ಮೂ

ಮೊದಲು ನನ್ನ ಮಾನವನ್ನು ನಾನೇ ಹರಾಜು ಹಾಕಿಬಿಡ್ತೀನಿ, ಆಮೇಲೆ ಇತಿಹಾಸ ಹೇಳ್ತೀನಿ.

ಇಲ್ಲಿ ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ಯುಗಾದಿ ಕಾರ್ಯಕ್ರಮಕ್ಕೆ ಅಂತ ಒಂದು ನೇರಳೆ ಬಣ್ಣದ ಐಶ್ಯಾಡೋ ತಂದಿದ್ದೆ. ರೂಮಿನ ಹಳದಿ ದೀಪದಲ್ಲಿ ಕನ್ನಡಿ ನೋಡಿಕೊಂಡಾಗ ಏನೋ ಒಂಥರಾ ಮಹಾರಾಣಿ ಕಳೆ ಬಂದಿತ್ತು. ಹಾಲ್‌ಗೆ ಹೋಗಿ ಟ್ಯೂಬ್‌ಲೈಟಿನ ಕೆಳಗೆ ನಿಂತೆ ನೋಡಿ... ಹೋಳಿಗೆ ಬಡಿಸುತ್ತಿದ್ದ ಆಂಟಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಮನೇಲಿ ಎಲ್ಲಾ ಸರಿ ಇದ್ಯೇನಮ್ಮಾ? ಯಾರಾದ್ರೂ ಹೊಡೆದ್ರಾ?" ಅಂತ ಕೇಳಿದರು. ನನಗಿನ್ನೂ ಮದುವೆಯೇ ಆಗಿರಲಿಲ್ಲ! ಅವತ್ತಿನಿಂದ ಕಂದು ಬಣ್ಣವೇ ನನ್ನ ಪರಮಾಪ್ತ. ಆಫೀಸಿಗೆ ತಿಳಿಗಂದು, ಯಾರದಾದರೂ ಮನೆ ಊಟಕ್ಕೆ ಸ್ವಲ್ಪ ತಾಮ್ರದ ಹೊಳಪಿನ ಕಂದು, ಎರಡಕ್ಕೂ ಬೆರಳೇ ಬ್ರಶ್ಶು. ಊರಿನಿಂದ ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಆ ಡಬ್ಬಿ ಒಡೆದು ನನ್ನ ಎರಡು ಕೇಜಿ ಚಟ್ನಿಪುಡಿಯ ಪೊಟ್ಟಣಕ್ಕೆಲ್ಲ ಮಿರಮಿರ ಮೇಕಪ್ ಆಗಿತ್ತು. ಪುಡಿಗೆ ನಾಲ್ಕು ಹನಿ ರಬ್ಬಿಂಗ್ ಆಲ್ಕೋಹಾಲ್ ಹಾಕಿ, ಚಮಚದ ಬೆನ್ನಿನಲ್ಲಿ ಒತ್ತಿ, ಒಂದು ರಾತ್ರಿ ಒಣಗಿಸಿದರೆ ಮತ್ತೆ ಬಿಲ್ಲೆಯಾಗುತ್ತೆ. (ಐಶ್ಯಾಡೋಗೆ ಹೇಳಿದ್ದು, ಚಟ್ನಿಪುಡಿಗಲ್ಲ.)

ಆ ಮಿರಮಿರ ಅಂದ್ರೆ ಏನು ಗೊತ್ತಾ? ನಾವು ಚಿಕ್ಕವರಿದ್ದಾಗ ಮರಳಿನ ರಾಶಿಯಲ್ಲಿ ಹುಡುಕಿ ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಳ್ಳುತ್ತಿದ್ದೆವಲ್ಲ, ಕಾಗೆ ಬಂಗಾರ, ಅದೇ. ಅಭ್ರಕ. ಅದರ ತೆಳು ಹಾಳೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಪದರ ಕೂರಿಸಿದರೆ ಮುತ್ತಿನ ಹೊಳಪು ಬರುತ್ತೆ. ಅದಕ್ಕೂ ಮುಂಚೆ ಮೀನಿನ ಹೊಟ್ಟು, ಅಂದರೆ ಮೈಮೇಲಿನ ಹುರುಪೆಯಿಂದ ಈ ಹೊಳಪು ತೆಗೆಯುತ್ತಿದ್ದರು. ಕಂದು, ಕೆಂಪು, ಹಳದಿ ಇವೆಲ್ಲ ಕಬ್ಬಿಣದ ಆಕ್ಸೈಡು, ಸರಳವಾಗಿ ಹೇಳೋದಾದ್ರೆ ತುಕ್ಕಿನ ನೆಂಟರು. ಜಾರ್ಖಂಡದ ಕೊಡರ್ಮಾ, ಗಿರಿಡೀಹ್ ಕಡೆಯ ಅಕ್ರಮ ಗಣಿಗಳಲ್ಲಿ ಈ ಅಭ್ರಕ ಹೆಕ್ಕುವವರಲ್ಲಿ ಮಕ್ಕಳೂ ಇದ್ದಾರೆ ಅಂತ 2016ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಗಣಿ ಕುಸಿದು ಮಕ್ಕಳು ಸತ್ತದ್ದನ್ನು ಮುಚ್ಚಿಹಾಕಿದ ಕತೆಯೂ ಅದರಲ್ಲಿತ್ತು. ಅದನ್ನು ಓದಿದ ಮೇಲೆ ಕಾಗೆ ಬಂಗಾರ ಅನ್ನೋ ಹೆಸರು ಮೊದಲಿನಷ್ಟು ಮುದ್ದಾಗಿ ಕೇಳೋದಿಲ್ಲ ನನಗೆ.

ಸರಿ, ಇತಿಹಾಸಕ್ಕೆ ಬರೋಣ. ಹೋದ ವರ್ಷ ಅಮ್ಮ ಸಾಗರದಿಂದ ಬಂದಿದ್ದಳು, ಅಕ್ಕನ ಮಗಳನ್ನು ನೋಡಿಕೊಳ್ಳೋಕೆ. ಒಂದು ಶನಿವಾರ ಅವಳನ್ನು ರೈಲು ಹತ್ತಿಸಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಕರಕೊಂಡು ಹೋದೆ. ಈಜಿಪ್ಟಿನ ಮಮ್ಮಿಗಳ ಮುಂದೆ "ಅಯ್ಯೋ ಪಾಪ, ಸತ್ತ ಮೇಲೂ ನೆಮ್ಮದಿ ಇಲ್ಲ" ಅಂದವಳು, ಒಂದು ಗಾಜಿನ ಕಪಾಟಿನ ಮುಂದೆ ನಿಂತು ಅಲ್ಲಾಡಲೇ ಇಲ್ಲ. ಒಳಗೆ ಹೆಬ್ಬೆರಳು ಗಾತ್ರದ ಕಲ್ಲಿನ ಭರಣಿ, ಜೊತೆಗೊಂದು ಸಣ್ಣ ಕಡ್ಡಿ. "ಇದು ಕಾಡಿಗೆ ಡಬ್ಬಿ ಅಲ್ವೇನೇ?" ಹೌದು, ಕಾಡಿಗೆ ಡಬ್ಬಿಯೇ. ಫಲಕ ಓದದೆ ಗುರುತು ಹಿಡಿದಿದ್ದಳು.

ಈಜಿಪ್ಟಿನವರು ಕಣ್ಣಿಗೆ ಮುಖ್ಯವಾಗಿ ಎರಡು ಬಣ್ಣ ಹಚ್ಚುತ್ತಿದ್ದರು. ಹಸಿರು, ಅದು ಮ್ಯಾಲಕೈಟ್ ಅನ್ನೋ ತಾಮ್ರದ ಅದಿರು. ಕಪ್ಪು, ಅದು ಗಲೀನಾ, ಅಂದರೆ ಸೀಸದ ಅದಿರು. ಮೊದಮೊದಲು ಹಸಿರಿಗೆ ಪ್ರಾಶಸ್ತ್ಯ, ಆಮೇಲಾಮೇಲೆ ಕಪ್ಪೇ ಗೆದ್ದಿತು. ಅರೆಯೋದಕ್ಕೆ ಚಪ್ಪಟೆ ಕಲ್ಲಿನ ಹಲಗೆಗಳಿದ್ದವು. ಆ ದೇಶದ ಇತಿಹಾಸದ ಮೊದಲ ಪುಟದಲ್ಲೇ ಬರುವ ನಾರ್ಮರ್ ಹಲಗೆ (ಕ್ರಿ.ಪೂ. 3100ರ ಆಸುಪಾಸಿನದು) ಕೂಡ ಅದೇ ಜಾತಿಗೆ ಸೇರಿದ್ದು. ಒಂದು ಮಗ್ಗುಲಲ್ಲಿ ರಾಜ ಶತ್ರುವಿನ ಜುಟ್ಟು ಹಿಡಿದು ಬಡಿಯೋಕೆ ನಿಂತಿದ್ದಾನೆ, ಇನ್ನೊಂದು ಮಗ್ಗುಲಲ್ಲಿ ಎರಡು ವಿಚಿತ್ರ ಪ್ರಾಣಿಗಳ ಹೆಣೆದ ಕತ್ತುಗಳ ನಡುವೆ ಬಣ್ಣ ಅರೆಯುವ ದುಂಡನೆಯ ಗುಳಿ! ಅಷ್ಟು ದೊಡ್ಡದನ್ನು ದಿನಾ ಬಳಸಿರಲಿಕ್ಕಿಲ್ಲ, ದೇವಸ್ಥಾನಕ್ಕೆ ಒಪ್ಪಿಸಿದ್ದು ಅಂತಾರೆ. ಆದರೂ ಯುದ್ಧ ಗೆದ್ದ ರಾಜ ತನ್ನ ಪ್ರತಾಪ ಕೆತ್ತಿಸೋಕೆ ಆರಿಸಿಕೊಂಡಿದ್ದು ಮೇಕಪ್ ಹಲಗೆಯ ಆಕಾರವನ್ನು ಅನ್ನೋದು ನನಗೆ ಬಹಳ ಖುಷಿಯ ವಿಷಯ. ಗಂಡಸರೂ ಹಚ್ಚುತ್ತಿದ್ದರು, ಹೆಂಗಸರೂ ಹಚ್ಚುತ್ತಿದ್ದರು, ಮಕ್ಕಳಿಗೂ ಹಚ್ಚುತ್ತಿದ್ದರು.

ಇಂಜಿನಿಯರ್ ಆದ ನನಗೆ ರೋಮಾಂಚನ ಆಗಿದ್ದು ಬೇರೆ ಕಡೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಈಜಿಪ್ಟಿನ ಡಬ್ಬಿಗಳಲ್ಲಿ ಹಳೆಯ ಪುಡಿ ಇನ್ನೂ ಉಳಿದುಕೊಂಡಿತ್ತು. ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆ ಮಾಡಿ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಗಲೀನಾ ಇತ್ತು, ಸರಿ. ಜೊತೆಗೆ ಲಾರಿಯೊನೈಟ್, ಫಾಸ್ಜೆನೈಟ್ ಅನ್ನೋ ಎರಡು ಬಿಳಿಯ ಸೀಸದ ಸಂಯುಕ್ತಗಳೂ ಇದ್ದವು. ಇವು ಅಲ್ಲಿಯ ಮಣ್ಣಿನಲ್ಲಿ ಅಗೆದರೆ ಸಿಗುವಂಥವಲ್ಲ, ಯಾರೋ ಮಾಡಿರಲೇಬೇಕು. ಸೀಸದ ಆಕ್ಸೈಡನ್ನು ಉಪ್ಪುನೀರಿನಲ್ಲಿ ಕದಡಿ, ಕೂರಲು ಬಿಟ್ಟು, ಮೇಲಿನ ನೀರು ಬಸಿದು, ಮತ್ತೆ ಹೊಸ ಉಪ್ಪುನೀರು... ಹೀಗೆ ದಿನಗಟ್ಟಲೆ, ವಾರಗಟ್ಟಲೆ. ನಾಲ್ಕು ಸಾವಿರ ವರ್ಷಗಳ ಹಿಂದೆ! ನಾವು ಎರಡು ವಾರದ ಸ್ಪ್ರಿಂಟ್ ಮುಗಿಸೋಕೆ ಎಷ್ಟು ಒದ್ದಾಡ್ತೀವಿ.

ಅಷ್ಟು ಕಷ್ಟಪಟ್ಟು ಸೀಸವನ್ನು ಕಣ್ಣಿಗೆ ಯಾಕೆ ಹಚ್ಚಬೇಕಿತ್ತು? 2010ರಲ್ಲಿ ಇದೇ ಗುಂಪು ಇನ್ನೊಂದು ಪ್ರಬಂಧ ಬರೆಯಿತು. ಅತಿ ಕಡಿಮೆ ಪ್ರಮಾಣದ ಸೀಸದ ಅಯಾನುಗಳು ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ಹೆಚ್ಚಿಸುತ್ತವೆ, ಅದರಿಂದ ಸೋಂಕಿನ ವಿರುದ್ಧ ಮೈಯ ಕಾವಲುಪಡೆ ಎಚ್ಚರಗೊಳ್ಳಬಹುದು ಅಂತ. ನೈಲ್ ನದಿಯ ನೆರೆ, ನೊಣ, ಕಣ್ಣುಬೇನೆ ಇವುಗಳ ನಡುವೆ ಬದುಕಿದವರಿಗೆ ಅದರಿಂದ ಉಪಯೋಗ ಆಗಿದ್ದಿರಬಹುದು. ಕ್ರಿ.ಪೂ. 1550ರ ಸುಮಾರಿನ ಈಬರ್ಸ್ ಪಪೈರಸ್ಸಿನಲ್ಲಿ ಕಣ್ಣಿನ ಮದ್ದುಗಳದ್ದೇ ಒಂದು ರಾಶಿ ಇದೆ. ಈ ಸುದ್ದಿ ಅಂತರ್ಜಾಲದಲ್ಲಿ ಹರಡುವಾಗ ಮಾತ್ರ "ಸೀಸದ ಕಾಡಿಗೆ ಕಣ್ಣಿಗೆ ಒಳ್ಳೆಯದು" ಅಂತ ಆಗಿಬಿಡುತ್ತೆ. ಪ್ರಯೋಗಶಾಲೆಯ ತಟ್ಟೆಯಲ್ಲಿದ್ದ ಜೀವಕೋಶ ಬೇರೆ, ತೊಟ್ಟಿಲಲ್ಲಿರೋ ಮಗು ಬೇರೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬರುತ್ತೆ.

ವಿಷವನ್ನು ಮುಖಕ್ಕೆ ಬಳಿದುಕೊಳ್ಳೋದರಲ್ಲಿ ಯಾವ ದೇಶದವರೂ ಹಿಂದೆ ಬಿದ್ದಿಲ್ಲ ಬಿಡಿ. ಇಟಲಿಯ ಹೆಂಗಸರು ಕಣ್ಣಿನ ಪಾಪೆ ಅಗಲವಾಗಿ ಕಾಣಲಿ ಅಂತ ಬೆಲಡೋನಾ ಗಿಡದ ರಸ ಬಿಟ್ಟುಕೊಳ್ಳುತ್ತಿದ್ದರು. ಆ ಹೆಸರಿಗೆ 'ಸುಂದರಿ' ಅಂತಲೇ ಅರ್ಥ. ಕಣ್ಣಿನ ಡಾಕ್ಟರು ಪರೀಕ್ಷೆಗೆ ಬಿಡುವ ಅಟ್ರೋಪಿನ್ ಆ ಗಿಡದ್ದೇ. ನಮ್ಮ ಯಕ್ಷಗಾನದ ಹಳೆಯ ಚೌಕಿಗಳಲ್ಲಿ ವೇಷಕ್ಕೆ ಅರೆಯುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಅಜ್ಜನ ಜೊತೆ ಚೌಕಿಗೆ ನುಗ್ಗಿ ಕಣ್ಣರಳಿಸಿ ನೋಡುತ್ತಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಕಣ್ಣಿನ ಬಣ್ಣ ಈಗಿನ ರೂಪದಲ್ಲಿ ಅಂಗಡಿಗೆ ಬಂದಿದ್ದು ಸಿನಿಮಾ ಹಿಂದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್, ಅಮೆರಿಕದಲ್ಲಿ ಕಣ್ಣಿಗೆ ಬಣ್ಣ ಹಚ್ಚಿದವಳು ಅಂದರೆ ನಾಟಕದವಳು, ಇಲ್ಲಾ ಅದಕ್ಕಿಂತ ಕಡೆ. ಆಮೇಲೆ ಮೂಕಿ ಚಿತ್ರ ಬಂತು. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಕಾಣಿಸುತ್ತಲೇ ಇರಲಿಲ್ಲ, ಕೆಂಪೆಲ್ಲ ಕಪ್ಪಾಗಿ, ನೀಲಿಗಣ್ಣು ಬೆಳ್ಳಗೆ ಪಿಶಾಚಿಯ ಕಣ್ಣಿನ ಥರಾ ಮೂಡುತ್ತಿತ್ತು. ಅದಕ್ಕೇ ಕಣ್ಣಿನ ಸುತ್ತ ಅಷ್ಟು ಗಾಢವಾದ ಕಪ್ಪು. 1917ರ 'ಕ್ಲಿಯೋಪಾತ್ರಾ'ದ ಥೀಡಾ ಬಾರಾಳ ಫೋಟೋ ನೋಡಿ, ಕಣ್ಣು ಬಿಟ್ಟು ಬೇರೇನೂ ಕಾಣೋದಿಲ್ಲ. 1922ರ ನವೆಂಬರಿನಲ್ಲಿ ಹೋವರ್ಡ್ ಕಾರ್ಟರ್ ತಂಡ ತೂತಂಖಾಮುನ್ ಸಮಾಧಿಯನ್ನು ಪತ್ತೆ ಮಾಡಿತು, ಅಲ್ಲಿಂದ ಎಲ್ಲರಿಗೂ ಈಜಿಪ್ಟಿನ ಹುಚ್ಚು. ಸೂಕ್ಷ್ಮ ಫಿಲ್ಮು ಬಂದಾಗ ಅದಕ್ಕೊಪ್ಪುವ ಬಣ್ಣಗಳನ್ನು 1928ರಲ್ಲಿ ತಯಾರು ಮಾಡಿದ್ದು ಪೋಲೆಂಡಿನಿಂದ ವಲಸೆ ಬಂದಿದ್ದ ಮ್ಯಾಕ್ಸ್ ಫ್ಯಾಕ್ಟರ್. 1963ರಲ್ಲಿ ಎಲಿಜಬೆತ್ ಟೇಲರ್ ಮತ್ತೆ ಕ್ಲಿಯೋಪಾತ್ರಾ ಆದಳು. ಆ ಕಾಲದ ನೀಲಿ ರೆಪ್ಪೆ ನಮ್ಮ ಹಳೇ ಬಣ್ಣದ ಸಿನಿಮಾಗಳಲ್ಲೂ ಢಾಳಾಗಿ ಕಾಣುತ್ತೆ ನೋಡಿ.

ಇದರ ನಡುವೆ ಒಂದು ಭಯಾನಕ ಅಧ್ಯಾಯ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಅಂತ ರೆಪ್ಪೆಗೂದಲಿಗೆ ಹಚ್ಚುವ ಬಣ್ಣ ಮಾರುತ್ತಿದ್ದರು. ಅದರಲ್ಲಿ ಟಾರಿನ ಮೂಲದ ರಾಸಾಯನಿಕ ಇತ್ತು. ಹಚ್ಚಿಸಿಕೊಂಡ ಒಬ್ಬಾಕೆಯ ಎರಡೂ ಕಣ್ಣು ಹೋಯಿತು, ಇನ್ನೊಬ್ಬಳು ಸತ್ತೇ ಹೋದಳು. ಸರ್ಕಾರ ಏನು ಮಾಡಿತು? ಏನೂ ಮಾಡೋ ಹಾಗಿರಲಿಲ್ಲ! 1906ರ ಕಾನೂನು ಆಹಾರಕ್ಕೆ, ಔಷಧಿಗೆ ಮಾತ್ರ, ಸೌಂದರ್ಯವರ್ಧಕಕ್ಕೆ ಅಲ್ಲ. ಎಫ್‌ಡಿಎ ಅಧಿಕಾರಿಗಳು ಆ ಹೆಂಗಸಿನ ಮೊದಲಿನ, ಆಮೇಲಿನ ಫೋಟೋಗಳನ್ನು ಪ್ರದರ್ಶನಕ್ಕಿಟ್ಟರು. ಪತ್ರಿಕೆಯವರು ಅದನ್ನು 'ಭಯಾನಕ ಕೋಣೆ' ಅಂತ ಕರೆದರು. ಕೊನೆಗೂ 1938ರ ಜೂನ್ 25ರಂದು ರೂಸ್‌ವೆಲ್ಟ್ ಹೊಸ ಕಾನೂನಿಗೆ ಸಹಿ ಹಾಕಿದರು. ಇನ್ನೊಂದು ತಮಾಷೆ ಅಂದ್ರೆ, ಅಪಾಯಕಾರಿ ಮೇಕಪ್ಪನ್ನು ಮಾರುಕಟ್ಟೆಯಿಂದ ವಾಪಸ್ ತಗೊಳ್ಳಿ ಅಂತ ಆಜ್ಞೆ ಮಾಡುವ ಅಧಿಕಾರ ಎಫ್‌ಡಿಎಗೆ ಸಿಕ್ಕಿದ್ದು 2022ರ ಕಾನೂನಿನಲ್ಲಿ. ಎಂಬತ್ತನಾಲ್ಕು ವರ್ಷ!

ಈಗ ಮನೆಗೆ ಬರ್ತೀನಿ. ಅಕ್ಕನ ಮಗಳಿಗೆ ಒಂದು ವರ್ಷ ತುಂಬಿದಾಗ ಡಾಕ್ಟರು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಿದರು. ಇಲ್ಲಿ ಅದು ಮಾಮೂಲಿ ಪರೀಕ್ಷೆ. ಆರು ಬಂತು. ಮಕ್ಕಳಲ್ಲಿ ಮೂರೂವರೆ ದಾಟಿದರೆ ಗಮನಿಸಬೇಕು ಅಂತ 2021ರಿಂದ ಇಲ್ಲಿಯ ಲೆಕ್ಕ, ಅದೂ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮೈಕ್ರೋಗ್ರಾಂ ಅಂತ. ಮನೆ ಹೊಸದು, ಗೋಡೆಯ ಪೇಂಟಿನ ತೊಂದರೆ ಇಲ್ಲ. ನರ್ಸ್ ಮಗುವಿನ ಕಣ್ಣು ನೋಡಿ, "ಈ ಕಪ್ಪು ಏನು?" ಅಂದಳು.

ಅಮ್ಮ ಎರಡು ಡಬ್ಬಿ ತಂದಿದ್ದಳು. ಒಂದು ಮನೆಯಲ್ಲಿ ಮಾಡಿದ್ದು, ಹೊನಗೊನೆ ಸೊಪ್ಪಿನ ರಸದಲ್ಲಿ ನೆನೆಸಿ ಒಣಗಿಸಿದ ಬಟ್ಟೆಯ ಬತ್ತಿ, ಹರಳೆಣ್ಣೆ ದೀಪ, ಮೇಲೆ ಬೋರಲು ಹಾಕಿದ ತಾಮ್ರದ ತಟ್ಟೆ, ಅದಕ್ಕೆ ಕಟ್ಟಿದ ಮಸಿ. ಇನ್ನೊಂದು ಜಾತ್ರೆಯಲ್ಲಿ ಕೊಂಡಿದ್ದು, ಹೆಸರು ವಿಳಾಸ ಏನೂ ಇಲ್ಲದ ಸುರ್ಮಾ, ಬೆಳಕಿಗೆ ಹಿಡಿದರೆ ಬೆಳ್ಳಿಯ ಹಾಗೆ ಮಿಂಚುತ್ತಿತ್ತು. ಗಲೀನಾ ಮಿಂಚೋದೂ ಹಾಗೆಯೇ. ಮೊದಲನೆಯದು ಮುಗಿದ ಮೇಲೆ ಅಮ್ಮ ಇದನ್ನು ಹಚ್ಚುತ್ತಿದ್ದಳು, ದಿನಾ, ಸ್ನಾನ ಆದ ಕೂಡಲೇ. ಮಗು ಕಣ್ಣುಜ್ಜುತ್ತೆ, ಅದೇ ಕೈ ಬಾಯಿಗೆ.

ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೇ, "ನಿಮಗಿಬ್ಬರಿಗೂ ಹಚ್ಚಿದ್ದೆ ಕಣೇ" ಅಂದಳು. ನಾನು ಏನೋ ಹೇಳೋಕೆ ಹೋದೆ, ಆಗಲಿಲ್ಲ. ಆ ಡಬ್ಬಿಯನ್ನು ಅಕ್ಕ ಆರೋಗ್ಯ ಇಲಾಖೆಯವರಿಗೆ ಕೊಟ್ಟಳು. ಮೂರು ತಿಂಗಳ ಮೇಲೆ ಮತ್ತೆ ರಕ್ತ ತೆಗೆದಾಗ ಎರಡಕ್ಕೆ ಇಳಿದಿತ್ತು. ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಅಮ್ಮನ ಮುಖ ನೋಡಲಾರದೆ, ವಾಪಸ್ ಹೊರಡೋ ಮುಂಚೆ ಒಂದು ದಿನ, "ಬಾ, ಮನೆಯ ಕಾಡಿಗೆಯನ್ನೇ ಮಾಡೋಣ" ಅಂದೆ. ನನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಹತ್ತಿಯ ಬತ್ತಿ, ಇಂಡಿಯನ್ ಸ್ಟೋರಿನ ಹರಳೆಣ್ಣೆ, ಸ್ಟೀಲ್ ತಟ್ಟೆ. ಇಪ್ಪತ್ತು ನಿಮಿಷದಲ್ಲಿ ಇಡೀ ಕಟ್ಟಡದ ಅಲಾರ್ಮ್ ಹೊಡೆದುಕೊಂಡಿತು! ನಾಲ್ಕು ಮಹಡಿಯ ಜನ ಚಪ್ಪಲಿಯಲ್ಲಿ ಹೊರಗೆ. ಹೆಲ್ಮೆಟ್ಟು ಹಾಕಿಕೊಂಡ ಆರಡಿ ಎತ್ತರದ ಫೈರ್‌ಮ್ಯಾನ್ "ಏನು ಅಡುಗೆ ಮಾಡ್ತಿದ್ರಿ?" ಅಂದ. "ಅಡುಗೆ ಅಲ್ಲ, ಐಲೈನರ್" ಅಂದೆ. ಅವನು ತಟ್ಟೆ ತಿರುಗಿಸಿ ಮಸಿ ನೋಡಿ, ನನ್ನನ್ನು ನೋಡಿ, ಏನೂ ಬರೆದುಕೊಳ್ಳದೆ ಹೋದ.

ಮಸಿಯೂ ಅಷ್ಟೇನೂ ಸಾಧು ಅಲ್ಲ ಅಂತ ಆಮೇಲೆ ಓದಿದೆ. ಕಾರ್ಬನ್ ಬ್ಲ್ಯಾಕ್ ಬಣ್ಣವನ್ನು ಅಮೆರಿಕ 1976ರಲ್ಲಿ ಮೇಕಪ್ಪಿನಿಂದ ತೆಗೆದುಹಾಕಿತ್ತು, ಮಸಿಯ ಜೊತೆ ಬರುವ ಕಲ್ಮಶಗಳ ಭಯಕ್ಕೆ. ಶುದ್ಧತೆಗೆ ಮಿತಿ ಹಾಕಿದ ಮೇಲೆ 2004ರಲ್ಲಿ ಐಲೈನರಿಗೆ, ಮಸ್ಕಾರಾಗೆ ಮತ್ತೆ ಒಪ್ಪಿಗೆ ಕೊಟ್ಟರು. ಇದನ್ನು ಅಮ್ಮನಿಗೆ ಹೇಳಿದೆ, ಹೆದರುತ್ತಾ. "ಹಾಗಾದ್ರೆ ಕಣ್ಣಿಗೆ ಬೇಡ" ಅಂದಳು, ಇಷ್ಟು ಸುಲಭವಾಗಿ. ಮಸಿಗೆ ನಾಲ್ಕು ಹನಿ ಹರಳೆಣ್ಣೆ ಕಲಸಿ, ಮಗುವಿನ ಅಂಗಾಲಿಗೆ ಒಂದು ಬೊಟ್ಟು ಇಟ್ಟು, ಮೇಲೆ ಕಾಲುಚೀಲ ಹಾಕಿದಳು. ದೃಷ್ಟಿ ತಾಗಬಾರದಲ್ಲ.

ಉಳಿದ ಕಾಡಿಗೆ ನನ್ನ ಹತ್ತಿರವೇ ಇದೆ, ಕಂದು ಐಶ್ಯಾಡೋ ಪಕ್ಕದಲ್ಲಿ. ಮೊನ್ನೆ ಫೋನಿನಲ್ಲಿ ಅಮ್ಮ, "ಆ ಮ್ಯೂಸಿಯಮ್ಮಿನ ಡಬ್ಬಿಯವಳಿಗೂ ಮಕ್ಕಳಿದ್ವಾ ಅಂತ ಬರೆದಿತ್ತೇನೇ?" ಅಂತ ಕೇಳಿದಳು. ನಾನು ಫಲಕ ಸರಿಯಾಗಿ ಓದಿರಲಿಲ್ಲ. ಮುಂದಿನ ಶನಿವಾರ ಹೋಗಿ ನೋಡಿಕೊಂಡು ಬರಬೇಕು.