ಬಿಸಿಯೂಟ ಹಕ್ಕಾಗಿದ್ದು ಹೇಗೆ? ಗೋದಾಮಿನಿಂದ ತಟ್ಟೆವರೆಗಿನ ಜಗಳದ ಕತೆ

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ತಟ್ಟೆ ಹಿಡಿದು ಸಾಲಲ್ಲಿ ನಿಂತದ್ದು ನೆನಪಿರುತ್ತೆ. ಆ ಊಟ ಯಾವುದೋ ಮುಖ್ಯಮಂತ್ರಿ ಕೊಟ್ಟದ್ದು ಅಂತಲೇ ಎಷ್ಟೋ ಜನ ಅಂದುಕೊಂಡಿದ್ದಾರೆ. ಪಕ್ಷಗಳೂ ಹಾಗೇ ಹೇಳಿಕೊಂಡು ಓಡಾಡುತ್ತವೆ. ಆದರೆ ಅದರ ಹಿಂದೆ ಒಂದು ಕೋರ್ಟ್ ಕೇಸಿದೆ, ಆ ಕೇಸಿನ ಬೆನ್ನಿಗೆ ನಿಂತ, ಚುನಾವಣೆಗೆ ನಿಲ್ಲದ ಒಂದಷ್ಟು ಜನರಿದ್ದಾರೆ.

2001ರಲ್ಲಿ ರಾಜಸ್ಥಾನ ಸತತ ಬರದಿಂದ ಕಂಗಾಲಾಗಿತ್ತು. ಹಳ್ಳಿಗಳಲ್ಲಿ ಜನರಿಗೆ ಎರಡು ಹೊತ್ತಿನ ಊಟಕ್ಕೂ ಗತಿಯಿರಲಿಲ್ಲ. ಅದೇ ಹೊತ್ತಿಗೆ ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ 5 ಕೋಟಿ ಟನ್‌ಗೂ ಹೆಚ್ಚು ಧಾನ್ಯ ಬಿದ್ದಿತ್ತು, ಒಂದಷ್ಟು ಕೊಳೆಯುತ್ತಲೂ ಇತ್ತು. ಇದನ್ನು ಕಂಡ ಪಿಯುಸಿಎಲ್‌ನ ರಾಜಸ್ಥಾನ ಘಟಕ ಆ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕವಿತಾ ಶ್ರೀವಾಸ್ತವ ಮುಂದೆ ನಿಂತರು, ವಕೀಲ ಕಾಲಿನ್ ಗೊನ್ಸಾಲ್ವೆಸ್ ವಾದ ಮಾಡಿದರು. ಕೇಳಿದ ಪ್ರಶ್ನೆ ಸರಳ: ಸಂವಿಧಾನದ 21ನೇ ವಿಧಿ ಬದುಕುವ ಹಕ್ಕು ಕೊಡುತ್ತೆ ಅನ್ನೋದಾದರೆ, ಅನ್ನವಿಲ್ಲದೆ ಬದುಕೋದು ಹೇಗೆ?

2001ರ ನವೆಂಬರ್ 28ರ ಮಧ್ಯಂತರ ಆದೇಶ ಇಡೀ ಆಟವನ್ನೇ ಬದಲಿಸಿತು. ಪಡಿತರ, ಅಂಗನವಾಡಿ, ವೃದ್ಧಾಪ್ಯ ವೇತನ ಸೇರಿ ಎಂಟು ಯೋಜನೆಗಳ ಲಾಭವನ್ನು ಕೋರ್ಟ್ ಕಾನೂನುಬದ್ಧ ಹಕ್ಕು ಎಂದಿತು. ಅಂದರೆ ಸರ್ಕಾರ ಮನಸ್ಸು ಬಂದಾಗ ನಿಲ್ಲಿಸುವಂತಿಲ್ಲ. ಶಾಲೆಗಳಲ್ಲಿ ಆರು ತಿಂಗಳೊಳಗೆ ಬೇಯಿಸಿದ ಊಟ, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಎಂದಿತು. ಕೇಂದ್ರದ ಯೋಜನೆ 1995ರಿಂದಲೇ ಇತ್ತು. ಆದರೆ ತಮಿಳುನಾಡಿನಂಥ ಕೆಲವು ರಾಜ್ಯ ಬಿಟ್ಟರೆ ಬಹುತೇಕ ಕಡೆ ಮಕ್ಕಳ ಕೈಗೆ ತಿಂಗಳಿಗೆ ಇಷ್ಟು ಕೆಜಿ ಅಂತ ಹಸಿ ಧಾನ್ಯ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು.

ಆದೇಶ ಬಂದ ಮಾತ್ರಕ್ಕೆ ಒಲೆ ಹೊತ್ತಲಿಲ್ಲ. ರಾಜ್ಯಗಳು ದುಡ್ಡಿಲ್ಲ, ಅಡುಗೆ ಕೋಣೆಯಿಲ್ಲ ಅಂತ ನೆಪ ಹೇಳಿದವು. ಕೇಸಿನ ಸುತ್ತ ಬೆಳೆದ 'ಆಹಾರದ ಹಕ್ಕು ಅಭಿಯಾನ' 2002ರ ಏಪ್ರಿಲ್ 9ರಂದು ಹಲವು ರಾಜ್ಯಗಳಲ್ಲಿ ಬೀದಿಗಿಳಿಯಿತು. ಕೆಲವು ಕಡೆ ಮಕ್ಕಳು ಖಾಲಿ ತಟ್ಟೆ ಹಿಡಿದು ನಿಂತರು, ಕೆಲವು ಕಡೆ ಕಾರ್ಯಕರ್ತರೇ ಬಯಲಲ್ಲಿ ಮಕ್ಕಳಿಗೆ ಊಟ ಬಡಿಸಿದರು. ಮರುತಿಂಗಳೇ ಕೋರ್ಟ್ ಉಸ್ತುವಾರಿಗೆ ಎನ್.ಸಿ. ಸಕ್ಸೇನಾ ಮತ್ತು ಎಸ್.ಆರ್. ಶಂಕರನ್ ಅವರನ್ನು ಆಯುಕ್ತರನ್ನಾಗಿ ನೇಮಿಸಿತು. ಕರ್ನಾಟಕದಲ್ಲಿ ಅದೇ ವರ್ಷ ಈಶಾನ್ಯದ ಜಿಲ್ಲೆಗಳಿಂದ 'ಅಕ್ಷರ ದಾಸೋಹ' ಶುರುವಾಯಿತು.

ಈ ಅಭಿಯಾನ ಒಂದು ಎನ್‌ಜಿಒ ಅಲ್ಲ. ಕೂಲಿ ಕಾರ್ಮಿಕರ ಸಂಘಗಳು, ಮಹಿಳಾ ಸಂಘಟನೆಗಳು, ಜ್ಯಾಂ ಡ್ರೇಜ್, ರೀತಿಕಾ ಖೇರಾ ಥರದ ಅರ್ಥಶಾಸ್ತ್ರಜ್ಞರು ಸೇರಿದ ಸಡಿಲ ಜಾಲ. ಜನರ ಅಹವಾಲು ಆಲಿಸುವ ಜನಸುನವಾಯಿ, ಊರೂರಿನ ಸಮೀಕ್ಷೆ, ಕೋರ್ಟು, ಧರಣಿ ಎಲ್ಲವೂ ಒಟ್ಟಿಗೇ ನಡೆಯುತ್ತವೆ. ಕೋರ್ಟಿಗೆ ಕೊಡಲು ಅಂಕಿಅಂಶ ಬೇಕು, ಅಂಕಿಅಂಶಕ್ಕೆ ಊರಲ್ಲಿ ಗುರುತಿನ ಜನ ಬೇಕು. ಬರೀ ಟ್ವೀಟು ಮಾಡಿ ಕಾನೂನು ತಂದವರು ಯಾರೂ ಇಲ್ಲ.

ಇನ್ನೊಂದು ಪ್ರಸಂಗ ಹೇಳಲೇಬೇಕು. 2007-08ರ ಸುಮಾರಿಗೆ ಬಿಸ್ಕತ್ ತಯಾರಕರ ಸಂಘ ಸಂಸದರಿಗೆ ಪತ್ರ ಬರೆದು, ಬೇಯಿಸಿದ ಊಟದ ಬದಲು ಪೊಟ್ಟಣದ ಬಿಸ್ಕತ್ ಕೊಡಿ ಎಂದಿತು. ಹಲವು ಸಂಸದರು ಅದನ್ನು ಹಾಗೇ ಮಂತ್ರಿಗೆ ದಾಟಿಸಿದರು! ವಿಷಯ ಬಯಲಾಗಿ ಗದ್ದಲವೆದ್ದ ಮೇಲೆ ಪ್ರಸ್ತಾಪ ಬಿದ್ದುಹೋಯಿತು. ಲಾಬಿ ಮಾಡೋದು ಬಡವರ ಪರ ಇರುವವರು ಮಾತ್ರ ಅಲ್ಲ, ನೋಡಿ.

2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಹಳ್ಳಿಯ ಶೇ. 75, ಪಟ್ಟಣದ ಶೇ. 50ರಷ್ಟು ಜನರಿಗೆ ತಲೆಗೆ 5 ಕೆಜಿ ಧಾನ್ಯ. ಅಭಿಯಾನ ಕೇಳಿದ್ದು ಎಲ್ಲರಿಗೂ ಪಡಿತರ, ಜೊತೆಗೆ ಬೇಳೆ, ಎಣ್ಣೆ. ಅದು ಸಿಗಲಿಲ್ಲ.

ಹಕ್ಕಿದ್ದೂ ಹಸಿವು

2017ರಲ್ಲಿ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗದ ಕಾರಣ ಆ ಮನೆಗೆ ಪಡಿತರ ನಿಂತಿತ್ತು ಎಂದು ಪಿಯುಸಿಎಲ್ ಸತ್ಯಶೋಧನಾ ವರದಿ ಹೇಳಿತು. ಅಧಿಕಾರಿಗಳು ಹಸಿವಿನ ಸಾವು ಎಂದು ಒಪ್ಪಲಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟ್, ಕಾಯ್ದೆ ಬಂದಿದೆಯಲ್ಲ ಎಂದು ಹದಿನಾರು ವರ್ಷದ ಆ ಕೇಸನ್ನು ಮುಗಿಸಿತ್ತು.

ಮೊಟ್ಟೆಯ ಜಗಳ ನಿಮಗೆ ನೆನಪಿರಬಹುದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ತಿರುಗಿಬಿದ್ದರು. 'ಆಹಾರ ನಮ್ಮ ಹಕ್ಕು' ಥರದ ಗುಂಪುಗಳು ಪೌಷ್ಟಿಕತೆಯ ಲೆಕ್ಕ ಮುಂದಿಟ್ಟವು. ಅವೆಲ್ಲಕ್ಕಿಂತ ಜೋರಾಗಿ ಕೇಳಿಸಿದ್ದು ಗಂಗಾವತಿಯ ಶಾಲಾ ಹುಡುಗಿಯೊಬ್ಬಳ ದನಿ. ಯೋಜನೆ ಮುಂದೆ ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗಿನ ಒಪ್ಪಂದದಿಂದ ವಾರಕ್ಕೆ ಆರು ದಿನವಾಯಿತು. ಒಳ್ಳೆಯದೇ. ಆದರೆ ದಾನಿಯ ದುಡ್ಡಿನ ಮೊಟ್ಟೆಗೆ ಅವಧಿಯಿದೆ, ಕಾಯ್ದೆಯಲ್ಲಿ ಬರೆದ ಮೊಟ್ಟೆಗೆ ಇರಲ್ಲ.

ಈಗ ಬಾಕಿ ಇರೋದು ಏನು? ಸರ್ಕಾರಿ ನೌಕರಿಯಂಥ ಸೌಲಭ್ಯವಿಲ್ಲದ ಪ್ರತಿ ಗರ್ಭಿಣಿಗೂ ಕನಿಷ್ಠ 6,000 ರೂಪಾಯಿ ಅಂತ ಕಾಯ್ದೆ ಹೇಳುತ್ತೆ. 2017ರ ಮಾತೃವಂದನಾ ಯೋಜನೆ ಅದನ್ನು ಮೊದಲ ಹೆರಿಗೆಗೆ 5,000 ಎಂದು ಮೊಟಕು ಮಾಡಿತು. ಎರಡನೇ ಮಗು ಹೆಣ್ಣಾದರೆ ಮಾತ್ರ ಅಂತ ಆಮೇಲೆ ಒಂದು ತೇಪೆ ಹಚ್ಚಿದರು.

ಅದಕ್ಕಿಂತ ದೊಡ್ಡದು ತಲೆ ಎಣಿಕೆ. ಯಾವ ರಾಜ್ಯಕ್ಕೆ ಎಷ್ಟು ಕಾರ್ಡು ಅನ್ನೋದು 2011ರ ಜನಗಣತಿಯ ಲೆಕ್ಕದ ಮೇಲೆ ನಿಂತಿದೆ, 2021ರ ಗಣತಿ ನಡೆಯಲೇ ಇಲ್ಲ. ಇದರಿಂದ 10 ಕೋಟಿಗೂ ಹೆಚ್ಚು ಜನ ಹೊರಗುಳಿದಿದ್ದಾರೆ ಎಂದು ಡ್ರೇಜ್ ಮತ್ತು ಖೇರಾ 2020ರಲ್ಲೇ ಅಂದಾಜಿಸಿದ್ದರು. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ಶುರುವಾಗಿ, ಕೂಗೆದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು. ಮುಂದಿನ ಗಣತಿಯ ಲೆಕ್ಕಕ್ಕೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಆ ಅಂಕಿಅಂಶ ಹೊರಬಂದು ಹೊಸ ಕಾರ್ಡು ಕೈಗೆ ಸಿಗುವ ತನಕ ನ್ಯಾಯಬೆಲೆ ಅಂಗಡಿಯಲ್ಲಿ 2011ರ ಲೆಕ್ಕವೇ ನಡೆಯುತ್ತೆ.