ಹಗೇವಿನಿಂದ ಸಕ್ಕಿಂಗ್ ಗಾಡಿಯವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಜೋಳದ ಸೀಮೆಯ ತಾಲ್ಲೂಕುಗಳು. 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಗಾಳಿಯಾಡದ ಜಾಗಕ್ಕೆ ಇಳಿದು ಕೆಲಸ ಮಾಡುವುದು ಇಲ್ಲಿಗೆ ಕಾರ್ಖಾನೆಗಳ ಜೊತೆ ಬಂದದ್ದಲ್ಲ. ಅದಕ್ಕೂ ಮೊದಲು ಹಗೇವು ಇತ್ತು. ನೆಲದಲ್ಲಿ ಗುಂಡಿ ತೋಡಿ, ಸುತ್ತ ಹುಲ್ಲು ಹೊಟ್ಟು ಕೊಟ್ಟು, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣೆಳೆದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳೂ ಉಸಿರಾಡುತ್ತದೆ. ಒಳಗಿದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಹುಳುವನ್ನು ಕೊಲ್ಲುವ ಆ ಗಾಳಿ ಇಳಿದವನನ್ನೂ ಬಿಡುವುದಿಲ್ಲ. ಅದಕ್ಕೇ ಹಗೇವಿನ ಬಾಯಿ ತೆಗೆದು ಗಾಳಿಯಾಡಲು ಬಿಡುತ್ತಿದ್ದರು, ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಆ ಹೊತ್ತಿಗೆ ಯಾರೂ ಇಳಿಯುವಂತಿಲ್ಲ.

ಗಾಳಿಯಾಡದ ಜಾಗಕ್ಕೆ ಇಳಿಯುವ ಶಾಸ್ತ್ರದ ಮೊದಲ ಪಾಠ ಇದೇ: ಇಳಿಯುವ ಮೊದಲು ಗಾಳಿಯನ್ನು ಪರೀಕ್ಷಿಸು, ಕಾಯಿ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗಾಗಿ 1815ರಲ್ಲಿ ರೂಪಿಸಿದ ಡೇವಿ ದೀಪವೂ ಇದೇ ಜಾಡಿನದು. ಆದರೆ ದೀಪಕ್ಕೆ ಎಲ್ಲವೂ ಗೊತ್ತಾಗುವುದಿಲ್ಲ. ಕೊಲ್ಲುವಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ಅದು ಉರಿಯುತ್ತಲೇ ಇರುತ್ತದೆ. ಮಲದ ಗುಂಡಿಯಲ್ಲಿ ಮೀಥೇನ್ ಸೇರಿದ್ದರೆ ಬಯಲು ಜ್ವಾಲೆಯೇ ಸ್ಫೋಟಕ್ಕೆ ಕಿಡಿಯಾದೀತು. ಅಜ್ಜಂದಿರ ಕಂದೀಲು ಹಗೇವಿಗೆ ಸರಿ. ಅದನ್ನೇ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಜಾಣತನವಲ್ಲ.

1895ರಲ್ಲಿ ಲಂಡನ್ ಪಕ್ಕದ ಈಸ್ಟ್ ಹ್ಯಾಮ್‌ನಲ್ಲಿ ಕೊಳಚೆ ಬಾವಿಗೆ ಇಳಿದ ಒಬ್ಬ ಕುಸಿದ. ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಒಟ್ಟು ಐವರು ಸತ್ತರು. ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಶೋಧಿಸಿ, ಕಾರಣ ಹೈಡ್ರೋಜನ್ ಸಲ್ಫೈಡ್ ಎಂದು ತೋರಿಸಿದರು. ಈ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷದಲ್ಲಿ ನೂರು ಭಾಗ ತಲುಪಿತೆಂದರೆ ಮೂಗೇ ಸೋಲುತ್ತದೆ. 'ವಾಸನೆ ಹೋಯ್ತು, ಇನ್ನು ಇಳಿಬಹುದು' ಅನ್ನುವ ಮಾತು ಇಷ್ಟು ಅಪಾಯಕಾರಿಯಾಗಿರುವುದು ಅದಕ್ಕೇ. 1986ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಇಂಥ ಸಾವುಗಳನ್ನು ನೋಡಿ, ಸತ್ತವರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರು ಎಂದಿತು. ನಮ್ಮ ಕಡೆಯ ಪತ್ರಿಕೆಗಳಲ್ಲೂ ಸುದ್ದಿ ಬರುವುದು ಹಾಗೆಯೇ: ಅಣ್ಣ ಇಳಿದ, ಅಣ್ಣನನ್ನು ಎತ್ತಲು ತಮ್ಮ ಇಳಿದ.

ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಈ ವಿಷಯಕ್ಕೆ ಗಟ್ಟಿ ನಿಯಮ ಕೊಟ್ಟಿತು. ತಿಳಿದವರು ಪರೀಕ್ಷಿಸಿ, ಒಳಗಿನ ಗಾಳಿ ಸುರಕ್ಷಿತವೆಂದು ಬರೆದುಕೊಡಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಾಧನ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ ಇರಬೇಕು, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಈಗಲೂ ಇದಕ್ಕಿಂತ ಒಳ್ಳೆಯ ನಾಲ್ಕು ಸಾಲು ಬರೆಯುವುದು ಕಷ್ಟ. ಇಲ್ಲಿಂದ ತೋರಣಗಲ್ಲಿನ ಉಕ್ಕಿನ ಕೆಲಸಕ್ಕೆ ಹೋಗುವವನಿಗೆ, ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕ್ ತೊಳೆಯುವವನಿಗೆ ಈ ನಿಯಮ ಕಾಗದದ ಮೇಲಾದರೂ ಇತ್ತು. ಆದರೆ ಅದು ಕಾರ್ಖಾನೆಯ ಗೇಟಿಗೇ ನಿಂತುಬಿಟ್ಟಿತು. ಬತ್ತಿದ ಬಾವಿಯ ಹೂಳೆತ್ತುವ ಕೂಲಿಗೆ, ಬಾವಿಯೊಳಗೆ ಡೀಸೆಲ್ ಇಂಜಿನ್ ಇಳಿಸಿ ನೀರು ಹೊಡೆಯುವ ರೈತನಿಗೆ, ಮನೆಯ ಗುಂಡಿ ಬಳಿಯುವವನಿಗೆ ಅನ್ವಯಿಸಲಿಲ್ಲ. ಆಳದಲ್ಲಿ ಇಂಜಿನ್ ಓಡಿದರೆ ಹೊಗೆ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಬಾವಿ ತೆರೆದೇ ಇದೆಯಲ್ಲ ಅನ್ನುವ ಧೈರ್ಯ ಅಲ್ಲಿ ಸಾಲದು.

ಗೇಟಿನ ಹೊರಗಿನವರ ಪರವಾಗಿ ದನಿ ಎದ್ದದ್ದು ಸುರಕ್ಷತಾ ಎಂಜಿನಿಯರುಗಳಿಂದಲ್ಲ, ಜಾತಿಯ ಪ್ರಶ್ನೆ ಎತ್ತಿದವರಿಂದ. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ, 1970ರ ದಶಕದಲ್ಲಿ, ಮಲ ಹೊರುವುದನ್ನು ನಿಷೇಧಿಸಲಾಯಿತು. ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಹಡಗಲಿಯ ಎದುರು ದಡದ ಹಾವೇರಿ ಜಿಲ್ಲೆಯಲ್ಲಿ, ಸವಣೂರಿನ ಭಂಗಿ ಕುಟುಂಬಗಳವರು 2010ರಲ್ಲಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ರಾಜ್ಯ ತಲೆತಗ್ಗಿಸಿತು. ಮಲ ಹೊರುವುದನ್ನು ತಡೆಯಲು ಬಂದ 1993ರ ಕಾಯ್ದೆ ಒಣ ಶೌಚಾಲಯದ ಮೇಲಷ್ಟೇ ಕಣ್ಣಿಟ್ಟಿತ್ತು. 2013ರ ಕಾಯ್ದೆ ಮ್ಯಾನ್‌ಹೋಲ್ ಮತ್ತು ಸೆಪ್ಟಿಕ್ ಟ್ಯಾಂಕಿಗೂ ಬಂತು. ರಕ್ಷಣೆಯಿಲ್ಲದೆ ಯಾರನ್ನೇ ಇಳಿಸಿದರೂ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪುರಸಭೆಯಷ್ಟೇ ಅಲ್ಲ, ಮನೆ ಮಾಲೀಕನೂ ಹೊಣೆ. ಸುಪ್ರೀಂ ಕೋರ್ಟ್ ಮೃತರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಎಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಮೂರು ಪಟ್ಟಾಯಿತು. ಶಿಕ್ಷೆಯಾದ ಸುದ್ದಿ ಮಾತ್ರ ಅಪರೂಪ.

1948ರ ಕಾನೂನು ಕೇಳಿದ್ದು, ಮನುಷ್ಯ ಹೇಗೆ ಇಳಿಯಬೇಕು ಎಂದು. 2013ರ ನಂತರದ ಪ್ರಶ್ನೆ, ಮನುಷ್ಯ ಯಾಕಾದರೂ ಇಳಿಯಬೇಕು ಎಂಬುದು. ನನ್ನ ಮಟ್ಟಿಗೆ ಈ ಕ್ಷೇತ್ರ ಕಂಡ ದೊಡ್ಡ ತಿರುವು ಇದೇ. ಆಮ್ಲಜನಕ ಶೇ 19.5ಕ್ಕಿಂತ ಕೆಳಗಿಳಿದರೆ ಕೂಗಿಕೊಳ್ಳುವ, ನಾಲ್ಕು ಬಗೆಯ ಅನಿಲ ಅಳೆಯುವ ಕೈಯಳತೆಯ ಮೀಟರುಗಳು ಬಂದಿವೆ. ಕೇರಳದ ಯುವಕರು 2018ರಲ್ಲಿ ಮ್ಯಾನ್‌ಹೋಲಿಗೆ ರೋಬಾಟ್ ಇಳಿಸಿದರು. ನಮ್ಮಂಥ ಊರುಗಳಿಗೆ ಅಷ್ಟೆಲ್ಲ ಬೇಡ, ಪೈಪಿನಿಂದ ಗುಂಡಿಯ ಮಲ ಹೀರುವ ಸಕ್ಕಿಂಗ್ ಗಾಡಿ ಸಾಕು. ಇಲ್ಲಿ ಮನೆಮನೆಗೂ ಒಂದು ಗುಂಡಿ. 2014ರ ಸ್ವಚ್ಛ ಭಾರತದ ನಂತರ ಶೌಚಾಲಯ ಹೆಚ್ಚಿದವು, ಗುಂಡಿಗಳೂ ಹೆಚ್ಚಿದವು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವ ಎರಡು ಗುಂಡಿಯ ವಿನ್ಯಾಸವನ್ನು ಸರ್ಕಾರ ಹೇಳಿತು. ತುಂಬಿದ್ದನ್ನು ಮುಚ್ಚಿಟ್ಟರೆ ಒಂದೆರಡು ವರ್ಷದಲ್ಲಿ ಗೊಬ್ಬರ. ಬೇಗ ತುಂಬದಿರಲೆಂದು ಸಿಮೆಂಟ್ ರಿಂಗ್ ಪೇರಿಸಿ ಒಂದೇ ಆಳದ ಗುಂಡಿ ತೆಗೆಸಿದವರೂ ಇದ್ದಾರೆ. ಆ ಗುಂಡಿ ಎಂದೋ ಒಂದು ದಿನ ಯಾರನ್ನೋ ಕರೆಯುತ್ತದೆ.

ಹಾಗಾಗಿ ಮನೆ ಕಟ್ಟಿಸುವವರಲ್ಲಿ ಒಂದು ಕೋರಿಕೆ. ಗುಂಡಿಯ ಮುಚ್ಚಳವನ್ನು ಅಡುಗೆಮನೆಯ ಹಿಂದೆ ಕಲ್ಲು ಹಾಸಿ ಮುಚ್ಚಬೇಡಿ, ಗಾಡಿಯ ಪೈಪು ತಲುಪುವ ಕಡೆ ಬಿಡಿ. ತುಂಬಿದಾಗ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಹೇಳಿ, ಇಲ್ಲವೇ 14420ಕ್ಕೆ ಫೋನ್ ಮಾಡಿ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯಬೇಡಿ. ಉಸಿರಾಟದ ಸಿಲಿಂಡರ್ ಇರುವ ಅಗ್ನಿಶಾಮಕ ದಳದವರನ್ನು 112ಕ್ಕೆ ಕರೆ ಮಾಡಿ ಕರೆಸಿ.