ಗಾರ್ಲಿನ್–ಗೋಲ್ಟ್ಜ್ ಲಕ್ಷಣಕೂಟದಲ್ಲಿ ಮರುಕಳಿಸುವ ದವಡೆ ಸಿಸ್ಟ್: ಬೆಳಗಾವಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟು ಒಂದು ವಿವೇಚನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಲ್ಲಿನ ದವಾಖಾನೆಗೆ ‘ದವಡಿ ಬಾತೈತಿ, ನೋವೇನಿಲ್ರಿ’ ಎಂದು ಬರುವ ಹದಿಹರೆಯದವರಲ್ಲಿ ಹೆಚ್ಚಿನವರದು ಹುಳುಕು ಹಲ್ಲಿನ ಬಾವು. ಆದರೆ ಸಿಸ್ಟ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ, ತೆಗೆದ ಮೇಲೂ ಮರಳಿದರೆ, ಗಾರ್ಲಿನ್–ಗೋಲ್ಟ್ಜ್ ಲಕ್ಷಣಕೂಟವನ್ನು ಶಂಕಿಸಲೇಬೇಕು. ಚರ್ಮದ ಬೇಸಲ್ ಸೆಲ್ ಕ್ಯಾನ್ಸರ್, ದವಡೆಯ ಸಿಸ್ಟ್, ಕವಲೊಡೆದ ಪಕ್ಕೆಲುಬು ಒಂದೇ ರೋಗದ ಮುಖಗಳೆಂದು ಗಾರ್ಲಿನ್ ಮತ್ತು ಗೋಲ್ಟ್ಜ್ 1960ರಲ್ಲಿ ತೋರಿಸಿದರು. 9ನೆಯ ವರ್ಣತಂತುವಿನ ಪಿಟಿಸಿಎಚ್1 ಜೀನಿನ ದೋಷ ಇದರ ಮೂಲವೆಂಬುದು 1996ರಲ್ಲಿ ಖಚಿತವಾಯಿತು. ಕಪ್ಪು ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ವಿರಳ. ಹಾಗಾಗಿ ನಮ್ಮಲ್ಲಿ ರೋಗ ಮೊದಲು ಬಾಯಿ ಬಿಡುವುದು ದವಡೆಯಲ್ಲೇ, ಅದನ್ನು ಗುರುತಿಸುವ ಹೊಣೆ ದಂತವೈದ್ಯರದೇ.

ಈ ಸಿಸ್ಟ್‌ನ ಹೆಸರು ಓಡಾಂಟೋಜೆನಿಕ್ ಕೆರಟೋಸಿಸ್ಟ್. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2005ರಲ್ಲಿ ಗೆಡ್ಡೆಗಳ ಸಾಲಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್‌ಗಳ ಸಾಲಿಗೆ ತಂದಿತು. ಇದು ಎಲುಬಿನ ಮಜ್ಜೆಯುದ್ದಕ್ಕೂ ಹರಡುತ್ತದೆಯೇ ಹೊರತು ಬೇಗ ಉಬ್ಬುವುದಿಲ್ಲ. ಒಳಪೊರೆ ಐದೆಂಟು ಜೀವಕೋಶಗಳಷ್ಟೇ ದಪ್ಪ. ಬಿಡಿಸುವಾಗ ಹರಿದು ಚೂರು ಉಳಿಯುತ್ತದೆ.

ಚಿಕಿತ್ಸೆಯ ಚರ್ಚೆಯಲ್ಲಿ ಎಲ್ಲವನ್ನೂ ‘ಮರುಕಳಿಕೆ’ ಎಂದು ಒಟ್ಟುಗೂಡಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತೊಡಕು. ಉಳಿದ ಪೊರೆಯಿಂದ ಬೆಳೆದದ್ದು ಒಂದು, ಗೋಡೆಯಲ್ಲಿ ಅಡಗಿದ್ದ ಮರಿಸಿಸ್ಟ್ ಇನ್ನೊಂದು. ದಂತಮೂಲದ ಅಂಗಾಂಶದಿಂದ ಬೇರೆಡೆ ಹೊಸದಾಗಿ ಹುಟ್ಟಿದ್ದು ಮೂರನೆಯದು. ಮೊದಲೆರಡನ್ನು ಶಸ್ತ್ರಚಿಕಿತ್ಸೆಯ ಅಚ್ಚುಕಟ್ಟಿನಿಂದ ತಡೆಯಬಹುದು. ಮೂರನೆಯದನ್ನು ಎಷ್ಟು ಎಲುಬು ಕತ್ತರಿಸಿದರೂ ತಡೆಯಲಾಗದು. ಹನ್ನೆರಡರ ಮಗುವಿನ ದವಡೆಯ ಭಾಗವನ್ನೇ ತೆಗೆದುಹಾಕಿದರೆ ಎದುರು ಬದಿಯಲ್ಲಿ ಮತ್ತೊಂದು ಸಿಸ್ಟ್ ಏಳಬಹುದು. ಹೋದ ದವಡೆ ಮಾತ್ರ ಮರಳದು.

ಆದ್ದರಿಂದ ಬೆಳೆಯುವ ವಯಸ್ಸಿನವರಲ್ಲಿ ದೊಡ್ಡ ಸಿಸ್ಟ್‌ಗೆ ಕಿಂಡಿ ತೆರೆದು ನಳಿಕೆ ಇಟ್ಟು, ಒತ್ತಡ ಇಳಿಸಿ, ಅದು ಕುಗ್ಗಿದ ಮೇಲೆ ಪೊರೆ ಬಿಡಿಸುವುದು ಮೇಲು. ಇದಕ್ಕೆ ತಿಂಗಳುಗಟ್ಟಲೆ ಮನೆಯಲ್ಲಿ ದಿನವೂ ಸಿರಿಂಜಿನಿಂದ ಸಲೈನ್ ಹಾಯಿಸಿ ತೊಳೆಯಬೇಕು. ರಾಮದುರ್ಗದ ಒಕ್ಕಲು ಮನೆಯವರು ಸುಗ್ಗಿಯ ನಡುವೆ ಬೆಳಗಾವಿಗೋ ಧಾರವಾಡಕ್ಕೋ ಪದೇಪದೇ ಓಡಾಡಲಾರರು. ತೊಳೆಯುವುದನ್ನು ತಾಯಿಗೆ ಕಲಿಸಿ, ನಳಿಕೆಯ ತಪಾಸಣೆಯನ್ನು ಊರಿನ ದಂತವೈದ್ಯರಿಗೆ ಒಪ್ಪಿಸಿದರೆ ಇದು ಇಲ್ಲಿಯೂ ಸಾಧ್ಯ. ಅದಾಗದಿದ್ದರೆ ಪೊರೆ ಬಿಡಿಸಿ, ಸುತ್ತಲ ಎಲುಬನ್ನು ಬರ್‌ನಿಂದ ತುಸು ಹೆರೆದು, ಉಳಿದ ಜೀವಕೋಶಗಳನ್ನು ಸಾಯಿಸುವ ಕಾರ್ನಾಯ್ ದ್ರಾವಣ ಹಚ್ಚುವುದು ಉಳಿದ ದಾರಿ. ದ್ರಾವಣ ಕೆಳದವಡೆಯ ನರಕ್ಕೆ ತಗುಲದಂತೆ ಕಾಯಬೇಕು, ಇಲ್ಲವಾದರೆ ತುಟಿ ಜೋಮು ಹಿಡಿಯುತ್ತದೆ. ವಿಸ್ಮೊಡೆಗಿಬ್ ಗುಳಿಗೆಯಿಂದ ಸಿಸ್ಟ್ ಕುಗ್ಗಿದ ವರದಿಗಳಿವೆ. ಆದರೆ ಅದು ಮಕ್ಕಳ ಎಲುಬಿನ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಬಹುದು, ಗರ್ಭಕ್ಕೂ ಅಪಾಯಕಾರಿ. ಎಳೆಯರಿಗೆ ಅದನ್ನು ಕೊಡಲು ನನ್ನ ಮನಸ್ಸು ಒಪ್ಪದು.

ವಿಕಿರಣ ಚಿಕಿತ್ಸೆ ಈ ರೋಗಿಗಳಲ್ಲಿ ಹೊಸ ಚರ್ಮದ ಕ್ಯಾನ್ಸರ್‌ಗಳನ್ನು ಎಬ್ಬಿಸುತ್ತದೆ, ಸಿ.ಟಿ. ಸ್ಕ್ಯಾನನ್ನೂ ಅಗತ್ಯವಿದ್ದಾಗ ಮಾತ್ರ ಬಳಸಬೇಕು. ಸುಮಾರು 8ನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಒ.ಪಿ.ಜಿ. (ಎರಡೂ ದವಡೆಗಳನ್ನು ಒಟ್ಟಿಗೆ ತೋರುವ ಎಕ್ಸ್-ರೇ) ಸಾಕು. ಹೆಚ್ಚಿನ ಮರುಕಳಿಕೆ ಮೊದಲ 5 ವರ್ಷಗಳಲ್ಲೇ ಕಂಡರೂ ನಿಗಾ ಜೀವನಪೂರ್ತಿ ಬೇಕು.

ಸೋದರಿಕೆಯಲ್ಲಿ ಮದುವೆಯಾದದ್ದಕ್ಕೇ ಹೀಗಾಯಿತೆಂದು ತಾಯಿಯನ್ನು ದೂರುವ ಮನೆಗಳಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಇದು ಪ್ರಬಲ ಗುಣವಾಗಿ ಹರಿಯುವ ರೋಗ. ಒಬ್ಬ ಪಾಲಕರಿಂದ ಬಂದ ಒಂದೇ ದೋಷ ಸಾಕು, ಸೋದರಿಕೆಗೆ ಅದರಲ್ಲಿ ಪಾತ್ರವಿಲ್ಲ. ಹಲವರಲ್ಲಿ ದೋಷ ಮೊದಲ ಬಾರಿಗೆ ಆ ಮಗುವಿನಲ್ಲೇ ಹುಟ್ಟಿರುತ್ತದೆ. ರೋಗಿಯ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ದೋಷ ಪಾಲಕರಿಂದಲೇ ಬಂದಿರಬಹುದಾದ್ದರಿಂದ ಒಡಹುಟ್ಟಿದವರ ಅಂಗೈ, ಅಂಗಾಲುಗಳ ಸೂಜಿಮೊನೆಯಂಥ ಕುಳಿಗಳನ್ನೂ ರೋಗ ಗುರುತಿಸಿದ ದಿನವೇ ನೋಡಬೇಕು.

ಒಂದೇ ಕುಟುಂಬ ಒಮ್ಮೆ ಬೆಳಗಾವಿಯ ದಂತ ಕಾಲೇಜಿಗೆ, ಇನ್ನೊಮ್ಮೆ ಧಾರವಾಡಕ್ಕೆ ಹೋಗುವುದು ಸಹಜ. ಹಳೆಯ ಒ.ಪಿ.ಜಿ., ಬಯಾಪ್ಸಿ ವರದಿ, ಯಾವ ಹಲ್ಲಿನ ಬಳಿ ಏನು ತೆಗೆದರೆಂಬ ಗುರುತು ಮನೆಯವರ ಕೈಯಲ್ಲೇ ಇರಬೇಕು. ಅವಿಲ್ಲದೆ ಹೊಸ ಸಿಸ್ಟ್ ಯಾವುದು, ಮರಳಿದ್ದು ಯಾವುದೆಂದು ಮುಂದಿನ ಶಸ್ತ್ರವೈದ್ಯರು ಬೇರ್ಪಡಿಸಲಾರರು.